ಎಡಕ್ಕೆ ಎಳೆಯುವ ಕಾರು

ಬೈತಕೋಲ ಬಂದರದಲ್ಲಿ ಒಂದು ಬೋಟಿನ ಇಂಜಿನ್ ಸ್ವಲ್ಪ ಕೆಮ್ಮಿದರೆ ಸಾಕು, ನಾಲ್ಕು ಜನ ಬಂದು ಸುತ್ತ ನಿಲ್ಲುತ್ತಾರೆ. ಒಬ್ಬ ಡೀಸೆಲ್ ಮೂಸಿ ನೋಡುತ್ತಾನೆ, ಇನ್ನೊಬ್ಬ ಕಿವಿಯಿಟ್ಟು ಕೇಳುತ್ತಾನೆ. ಅದೇ ಜನ ಮನೆಗೆ ಹೋಗುವ ಗಾಡಿಯಲ್ಲಿ ಕಣ್ಣೆದುರೇ ಹಳದಿ ದೀಪ ಹತ್ತಿ ಕೂತಿದ್ದರೂ "ಇರ್ಲಿ ಬಿಡಾ, ಓಡ್ತದಲ್ಲ" ಎಂದು ಹಾಡು ಹಾಕಿಕೊಂಡು ಹೋಗುತ್ತಾರೆ. ಕಡಲನ್ನು ನಂಬದ ಮಂದಿ ರಸ್ತೆಯನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಾರೆ. ಇದು ನಮ್ಮ ಕಡೆಯ ರೋಗ. ಈ ರೋಗ ವಿನುತಾಳ ಮನೆಯನ್ನು ಹೇಗೆ ಹೊಕ್ಕಿತು, ಯಾರ ಕೈಯಿಂದ ಹೊಕ್ಕಿತು ಎನ್ನುವುದನ್ನು ಹೇಳುತ್ತೇನೆ, ಕೇಳಿ.

ವಿನುತಾ ಅಂಕೋಲೆ ಕೇಣಿಯ ಮಗಳು, ಕಾರವಾರ ಬೈತಕೋಲದ ಸೊಸೆ. ಗಂಡ ಕಿಶೋರನಿಗೆ ಸ್ವಂತ ಬೋಟು ಇದೆ. ಹೋದ ವರ್ಷ ಬಂಗಡೆ ಮೀನು ಚೆನ್ನಾಗಿ ಬಿತ್ತು ಎಂದು ಅವನು ಗೋವೆಯಿಂದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದ. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಹಿಂದೆ ಇಬ್ಬರು ಮೊಣಕಾಲು ಮಡಚಿ ಕೂರಬಹುದು, ಅಷ್ಟೇ. ಮಗಳು ಚಂದನಾ ಕೂರುವುದು ಅಲ್ಲಿ. ಮೀನು ಆರಿಸುವ ಹೆಂಗಸರು "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ" ಎಂದು ನಕ್ಕರು. ಕಿಶೋರನೂ ಅವರ ಜೊತೆ ಸೇರಿ ನಕ್ಕ.

ನಗದೆ ಇದ್ದವರು ಮಾವ ಮಾಬ್ಲೇಶ್ವರ ಒಬ್ಬರೇ. ಅವರು ಕಾರಿಗೆ ಒಂದು ಸುತ್ತು ಬಂದು, ಒಳಗಿನಿಂದ ತಾಮ್ರದ ಕೊಡ ತಂದು, ಕಡಲಿಗೆ ಇಳಿದು ನೀರು ತುಂಬಿಕೊಂಡು ಬಂದರು. ಆ ಮನೆಯ ಪದ್ಧತಿ ಅದು. ಹೊಸ ದೋಣಿ ಬಂದರೆ ಮೊದಲು ಅದಕ್ಕೆ ಕಡಲ ನೀರು ಕುಡಿಸಬೇಕು. ಆಮೇಲೂ ಅಮಾವಾಸ್ಯೆಗೊಮ್ಮೆ ಮೂತಿಗೆ ನೀರು ಹೊಯ್ದು, ಕಾಯಿ ಮುಟ್ಟಿಸಿ, 'ನಮ್ಮವರನ್ನು ತಿರುಗಿ ಮನೆಗೆ ತಾ' ಎಂದು ಕೈ ಮುಗಿಯಬೇಕು. ದೋಣಿಯಾದರೇನು, ಕಾರಾದರೇನು, ಹೊತ್ತು ಹೋಗುವುದು ಮಗನನ್ನೇ ಅಲ್ಲವೇ. ಮಾವ ನೀರು ಹೊಯ್ದದ್ದು ಎಡಗಡೆಯ ಮುಂದಿನ ಚಕ್ರಕ್ಕೆ. ಹಿರಿಯ ಮಗ ಕಿಶನ ದೋಣಿಯಲ್ಲಿ ಯಾವಾಗಲೂ ಎಡಗಡೆಗೇ ನಿಲ್ಲುತ್ತಿದ್ದ, ಅದಕ್ಕೆ.

ಕಿಶನ ಈಗ ಇಲ್ಲ. ಚಂದನಾ ಹುಟ್ಟುವ ಮೊದಲೇ ಬಲೆ ಎಳೆಯುವಾಗ ಬಿದ್ದ. ದೋಣಿ ಮರಳಿ ಬಂತು, ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಹೆಣ ಸಿಗದ ಮನೆಯಲ್ಲಿ ಮನಸ್ಸು ಬಿಚ್ಚಿ ಅಳುವುದೂ ಆಗುವುದಿಲ್ಲ ನೋಡಿ. ಮಾಬ್ಲೇಶ್ವರ ಇವತ್ತಿಗೂ ಮಗನ ಉತ್ತರಕ್ರಿಯೆ ಮಾಡಿಲ್ಲ. ಜಗಲಿಯಲ್ಲಿ ಕೂತು ಕಡಲು ನೋಡುತ್ತಾರೆ.

ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ವಿನುತಾ, ಕಿಶೋರ, ಚಂದನಾ ಕೇಣಿಯಿಂದ ಮರಳುತ್ತಿದ್ದರು. ಬಿಸಿಲು ಇನ್ನೂ ಇತ್ತು. ಬಿಣಗಾ ಬರುವುದಕ್ಕಿಂತ ಸ್ವಲ್ಪ ಮೊದಲು ರಸ್ತೆ ಬಲಕ್ಕೆ ತಿರುಗುತ್ತದೆ, ಎಡಕ್ಕೆ ಕೆಳಗೆ ಕಡಲು. ಆ ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಒಂದು ಹಳದಿ ದೀಪ ಹತ್ತಿತು. ಸಣ್ಣ ಕಾರಿನ ಚಿತ್ರ, ಅದರ ಹಿಂದೆ ಹಾವು ಹರಿದ ಹಾಗೆ ಎರಡು ಗೆರೆ. ವಿನುತಾ ಅದನ್ನು ನೋಡುತ್ತಿರುವಾಗಲೇ ಕಾರು ಎಡಕ್ಕೆ ಹೋಯಿತು. ಜಾರಿದ ಹಾಗಲ್ಲ, ಯಾರೋ ಹಿಡಿದು ಎಳೆದ ಹಾಗೆ. ಕಿಶೋರ ಹಲ್ಲು ಕಚ್ಚಿ ಸ್ಟೇರಿಂಗ್ ಬಲಕ್ಕೆ ಹಿಡಿದ. ಒಂದು ಗಳಿಗೆಯ ನಂತರ ಎಳೆದದ್ದು ಬಿಟ್ಟಿತು.

ಹಿಂದಿನಿಂದ ಚಂದನಾ ಅಮ್ಮನನ್ನು ಮೆಲ್ಲಗೆ ಕೇಳಿದಳು. "ಆಯಿ, ದೊಡ್ಡಪ್ಪ ಎಳೆದ್ರಾ?"

"ಯಾರು ಹೇಳಿದ್ದು ನಿಂಗೆ ಹಾಂಗೆ?"

"ಅಜ್ಜ. ಮೊನ್ನೆ ಬಾಬಾ ಒಬ್ರೇ ಬರೂವಾಗ್ಲೂ ಎಳೆದ್ರಂತೆ."

ವಿನುತಾ ಗಂಡನ ಮುಖ ನೋಡಿದಳು. ಅವನು ರಸ್ತೆ ನೋಡುತ್ತಿದ್ದ.

ಮನೆಯ ಮುಂದೆ ಕಾರು ನಿಂತಾಗ ಮಾವ ಎದ್ದು ಬಂದರು. "ಬಂದಿದ್ನಾ?" ಎಂದು ಕೇಳಿದರು. ಕಿಶೋರ ಹೂಂ ಎಂದ. ಮಾವನ ಮುಖ ಅರಳಿತು. ಕಿಶನ ಹೋದ ಮೇಲೆ ಅಷ್ಟು ವರ್ಷಗಳಲ್ಲಿ ವಿನುತಾ ಆ ಮುಖ ಅರಳಿದ್ದನ್ನು ನೋಡಿರಲಿಲ್ಲ, ಹಾಗಾಗಿ ಅವಳಿಗೆ ಮತ್ತಷ್ಟು ಹೆದರಿಕೆಯಾಯಿತು.

"ರೀ, ಗ್ಯಾರೇಜಿಗೆ ತೋರ್ಸಿ ಒಮ್ಮೆ" ಎಂದಳು.

"ಎಂತಕೆ? ಆಫ್ ಮಾಡಿ ಆನ್ ಮಾಡಿದ್ರೆ ದೀಪ ಹೋಗ್ತದೆ. ನೋಡು, ಹೋಯ್ತು." ಕಿಶೋರ ಕೀಲಿ ತಿರುಗಿಸಿ ತೋರಿಸಿದ. ದೀಪ ನಿಜವಾಗಿಯೂ ಹೋಗಿತ್ತು. ಮರುವಾರ ಮತ್ತೆ ಬಂತು, ಅದೇ ತಿರುವಿನಲ್ಲಿ. ಬೇರೆ ಎಲ್ಲಿಯೂ ಇಲ್ಲ, ಅಲ್ಲಿ ಮಾತ್ರ. ಕಿಶೋರ ದೀಪದ ಮೇಲೆ ಕರಿ ಟೇಪು ಅಂಟಿಸಿದ. ಬುದ್ಧಿ ಇದ್ದವರು ಮಾಡುವ ಕೆಲಸವೇ ಅದು?

ಅಮಾವಾಸ್ಯೆಗೊಮ್ಮೆ ನಡೆಯುತ್ತಿದ್ದದ್ದು ಈಗ ದಿನಾ ಸಂಜೆಯಾಯಿತು. ಮಾವ ಕೊಡ ಹೊತ್ತು ಕಡಲಿಗೆ ಹೋಗುವುದು, ಬರುವುದು, ಎಡ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ನಿಧಾನಕ್ಕೆ ಹೊಯ್ಯುವುದು. ಒಮ್ಮೆ ವಿನುತಾ ಬಟ್ಟೆ ತೆಗೆಯಲು ಹೊರಗೆ ಬಂದಾಗ ಅವರು ಚಕ್ರದ ಜೊತೆ ಮಾತಾಡುತ್ತಿದ್ದರು. "ಥಂಡಿ ಆಗ್ತದ್ಯಾ ಮಗಾ? ಮನೆಗೆ ಬಾ. ತಮ್ಮನ ಸಂಗಡ ಬಾ." ನೀರು ಚಕ್ರದ ಒಳಗಿನಿಂದ ತೊಟ್ಟಿಕ್ಕುತ್ತಿತ್ತು. ವಿನುತಾ ಬಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಇದಾದ ಮೇಲೆ ಬ್ರೇಕಿನಲ್ಲಿಯೂ ಸುರುವಾಯಿತು. ನಿಲ್ಲಿಸಲು ಹೋದರೆ ಕಾಲಡಿಯ ಪೆಡಲು ಬಲೆಗೆ ಬಿದ್ದ ಮೀನಿನ ಹಾಗೆ ಪಟಪಟ ಹೊಡೆದುಕೊಳ್ಳುತ್ತಿತ್ತು, ಕಾರು ನಿಲ್ಲದೆ ಮುಂದೆ ಹೋಗುತ್ತಿತ್ತು. ಕೊನೆಗೊಂದು ದಿನ ಕೆಂಪು ದೀಪ ಹತ್ತಿತು. ಅದು ಆಫ್ ಮಾಡಿ ಆನ್ ಮಾಡಿದರೂ ಹೋಗಲಿಲ್ಲ.

ಅಂದು ಊಟಕ್ಕೆ ಕೂತಾಗ ಮಾವ ಹೇಳಿದರು. "ನಾಳೆ ಚಂದನಾ ಪೋರಿಯನ್ನ ಮುಂದೆ ಎಡಕ್ಕೆ ಕೂರ್ಸ್ಕಂಡು ಹೋಗು ಕಿಶೋರಾ. ಅಂವ ಅದರ ಮುಖ ನೋಡ್ಲೇ ಇಲ್ಲ. ಒಮ್ಮೆ ನೋಡ್ಲಿ."

ವಿನುತಾ ತುತ್ತನ್ನು ತಟ್ಟೆಗೆ ಇಳಿಸಿದಳು. ಗಂಡ ಬೇಡ ಎನ್ನುತ್ತಾನೆ ಎಂದು ಕಾದಳು. ಅವನು ತಲೆ ಎತ್ತಲಿಲ್ಲ. ಊಟ ಮುಗಿದ ಮೇಲೆ ಹಿತ್ತಿಲಲ್ಲಿ ಹಿಡಿದು ನಿಲ್ಲಿಸಿ ಕೇಳಿದಳು. "ನೀವೂ ನಂಬ್ತ್ರಾ ಇದನ್ನ?"

"ನಂಗೊತ್ತಿಲ್ಲ ವಿನುತಾ." ಅವನ ದನಿ ಬೇರೆಯಾಗಿತ್ತು. "ಅಣ್ಣ ನನ್ನ ಕೈ ಹಿಡಿದ ಹಾಂಗೇ ಆಗ್ತದೆ. ಹೆದರಿಕೆ ಆಗೂದಿಲ್ಲ. ಮೊನ್ನೆ ಆ ತಿರುವಲ್ಲಿ ನಾನು ಸ್ಟೇರಿಂಗ್ ಸ್ವಲ್ಪ ಸಡಿಲ ಬಿಟ್ಟಿದ್ದೆ. ಎಲ್ಲಿಗೆ ಕರೀತಾನೆ ನೋಡ್ವಾ ಅಂತ."

ಆ ತಿರುವಿನ ಎಡಕ್ಕೆ ಏನಿದೆ ಎಂದು ವಿನುತಾಳಿಗೆ ಗೊತ್ತು. ಕಲ್ಲು, ಕಲ್ಲಿನ ಕೆಳಗೆ ನೀರು. ಅವಳು ಒಳಗೆ ಹೋಗಿ ಮೊಳೆಗೆ ತೂಗುಹಾಕಿದ್ದ ಕಾರಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಕ್ಷಿತಾಳಿಗೆ ಫೋನು ಮಾಡಿದಳು.

ರಕ್ಷಿತಾ ಶೆಟಗೇರಿಯವಳು, ವಿನುತಾಳ ಸಂಗಡ ಶಾಲೆಗೆ ಹೋದವಳು. ಈಗ ಅಂಕೋಲೆಯ ಒಂದು ಗ್ಯಾರೇಜಿನಲ್ಲಿ ಕಾರಿನ ಕಂಪ್ಯೂಟರು, ಬ್ರೇಕು ಪರೀಕ್ಷೆ ಮಾಡುತ್ತಾಳೆ. ಬಾಯಿ ಜೋರು, ತನಗೆ ಗೊತ್ತಿದೆ ಎನ್ನುವುದನ್ನು ಮುಚ್ಚಿಡುವ ಪೈಕಿಯಲ್ಲ. ಬೆಳಿಗ್ಗೆ ಆಕೆ ಸ್ಕೂಟಿಯ ಹಿಂದೆ ಒಂದು ಪೆಟ್ಟಿಗೆ ಕಟ್ಟಿಕೊಂಡು ಬಂದಿಳಿದಳು.

"ಎಂತ ಮಾರಾಯ್ತಿ, ಭೂತ ಬಿಡ್ಸೂಕೆ ನಂಗೆ ಕರ್ದ್ಯಾ? ದಕ್ಷಿಣೆ ಬಂಗಡೆ ಆದೀತು, ಸಸ್ತಾ ತಾರ್ಲೆ ಮೀನು ಆಗೂದಿಲ್ಲ."

ಮಾಬ್ಲೇಶ್ವರ ಕಾರಿನ ಮುಂದೆ ಕುರ್ಚಿ ಹಾಕಿ ಕೂತಿದ್ದರು. "ಈ ಕಾರಿಗೆ ಯಾರೂ ಕೈ ಹಾಕೂದು ಬೇಡ ತಂಗಿ."

"ನೋಡೂದಷ್ಟೇ ಅಜ್ಜಾ."

"ನೀನು ನೋಡಿದ್ರೆ ರಿಪೇರಿ ಮಾಡ್ತೀ. ರಿಪೇರಿ ಮಾಡಿದ್ರೆ ಅಂವ ಬರೂ ದಾರಿ ಮುಚ್ಚಿಹೋಗ್ತದೆ."

ರಕ್ಷಿತಾಳ ನಗೆ ನಿಂತಿತು. ಅವಳಿಗೆ ಕಿಶನ ಗೊತ್ತಿದ್ದ. ಅವಳು ಮಾವನ ಎದುರು ನೆಲದ ಮೇಲೆ ಕೂತಳು. "ಅಜ್ಜಾ, ಒಂದು ಮಾತು. ಕಿಶನಣ್ಣ ಎಳೆದದ್ದಾದ್ರೆ ನನ್ನ ಪೆಟ್ಟಿಗೆಯಲ್ಲಿ ಎಂತದೂ ಕಾಣೂದಿಲ್ಲ. ನಾನು ಬಾಯಿ ಮುಚ್ಕಂಡು ವಾಪಸ್ ಹೋಗ್ತೆ. ವೈರು ಎಳೆದದ್ದಾದ್ರೆ ಕಾಣ್ತದೆ. ನಿಮ್ಗೂ ಗೊತ್ತಾಗ್ಬೇಕಲ್ಲ, ಅಂವನೇ ಹೌದಾ ಅಲ್ವಾ ಅಂತ."

ಮಾವ ಕಡಲನ್ನೊಮ್ಮೆ ನೋಡಿದರು. ಆಮೇಲೆ ಕುರ್ಚಿ ಪಕ್ಕಕ್ಕೆ ಎಳೆದುಕೊಂಡರು.

ರಕ್ಷಿತಾ ಮೊದಲು ಮಾಡಿದ್ದು ಟೇಪು ಕಿತ್ತದ್ದು. "ಯಾರು ಈ ಪುಣ್ಯಾತ್ಮ? ನಿನ್ನ ಕಣ್ಣಿಗೆ ಬಟ್ಟೆ ಕಟ್ಟಿಕಂಡ್ರೆ ಕಳ್ಳ ಓಡ್ಹೋಗ್ತಾನಾ?" ಕಿಶೋರ ತಲೆ ಕೆರೆದುಕೊಂಡ. ಅವಳು ಕೀಲಿ ತಿರುಗಿಸಿ ಒಂದೊಂದೇ ದೀಪ ತೋರಿಸಿದಳು. "ಹಾವಿನ ಗೆರೆ ಇರೂ ಕಾರಿನ ದೀಪ ಇದ್ಯಲ್ಲ, ಇದು ಸ್ಟೆಬಿಲಿಟಿ ಕಂಟ್ರೋಲು. ಕಾರು ತಿರುವಲ್ಲಿ ಜಾರಿದ್ರೆ ಅದೇ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕು ಹಾಕಿ ರಸ್ತೆಗೆ ತರ್ತದೆ. ನಿಂಗೆ ಕೇಳೂದಿಲ್ಲ, ಅದೇ ಹಾಕ್ತದೆ. ಪಕ್ಕದ್ದು ಎಬಿಎಸ್. ಜೋರು ಬ್ರೇಕ್ ಒತ್ತಿದ್ರೆ ಚಕ್ರ ಲಾಕ್ ಆಗ್ದೆ ಇರೂಕೆ. ಇವೆರಡೂ ಹಳದಿ. ಹಳದಿ ಅಂದ್ರೆ ಮೆಲ್ಲ ಸೀದಾ ಗ್ಯಾರೇಜಿಗೆ ಹೋಗು ಅಂತ. ಈ ಕೆಂಪು ಇದ್ಯಲ್ಲ, ಇದು ಬ್ರೇಕಿಂದೇ. ಹ್ಯಾಂಡ್ ಬ್ರೇಕ್ ಇಳಿಸಿದ್ ಮೇಲೂ ಇದು ಹೋಗ್ಲಿಲ್ಲ ಅಂದ್ರೆ ಒಂದು ಮಾರು ಕೂಡ ಹೋಗಬೇಡ. ನಿಲ್ಸು, ಇಳಿ."

ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿ ತೋರಿಸಿದಳು. ಆಯಿಲು ಕೆಳಗಿನ ಗೆರೆಗಿಂತ ಕೆಳಗಿತ್ತು. "ತುಂಬಿಸ್ಬಿಡ್ಲಾ?" ಎಂದು ಕಿಶೋರ ಕೇಳಿದ.

"ತೂತು ಬಿದ್ದ ದೋಣಿಯಿಂದ ನೀರು ಚೆಲ್ಲಿದ್ರೆ ಆಯ್ತಾ? ತೂತು ಎಲ್ಲಿದೆ ನೋಡೂದು ಬೇಡ್ವಾ?"

ಅವಳು ಸ್ಟೇರಿಂಗಿನ ಕೆಳಗೆ ಸ್ಕ್ಯಾನರಿನ ವೈರು ಚುಚ್ಚಿದಳು. ಪರದೆಯ ಮೇಲೆ ಅಕ್ಷರ ಮೂಡಿತು. ಮುಂದಿನ ಎಡ ಚಕ್ರದ ಸ್ಪೀಡ್ ಸೆನ್ಸರು, ಸಿಗ್ನಲ್ ಕಡಿಯುತ್ತಿದೆ.

ಎಡ ಎನ್ನುವುದು ಕೇಳಿದ್ದೇ ಮಾವ ಕುರ್ಚಿಯಲ್ಲಿ ನೆಟ್ಟಗಾದರು.

"ಹಾಂಗಾದ್ರೆ ಸೆನ್ಸರ್ ಬದ್ಲಿಸಿದ್ರಾಯ್ತಲ್ಲ" ಎಂದ ಕಿಶೋರ.

"ತಡಿಯಾ ಮಾರಾಯ. ಪರದೆ ಮೇಲಿನ ಈ ಕೋಡು ಯಾವ ಮನೆ ಅಂತ ಹೇಳ್ತದೆ, ಮನೇಲಿ ಯಾರಿಗೆ ಜ್ವರ ಅಂತ ಹೇಳೂದಿಲ್ಲ. ಸೆನ್ಸರೂ ಆಗಿರೂಕೆ ಸಾಕು, ವೈರೂ ಆಗಿರೂಕೆ ಸಾಕು. ನೋಡ್ದೆ ಬದ್ಲಿಸಿದ್ರೆ ಖರ್ಚು ನಿಂದು, ದೀಪ ಅಲ್ಲೇ. ಕೋಡು ಅಳಿಸೂದೂ ಈಗ ಬೇಡ. ಅಳಿಸಿದ್ರೆ ಗುರುತು ಹೋಗ್ತದೆ."

ಕಾರಿನ ಮುಂಭಾಗವನ್ನು ಜಾಕಿನಿಂದ ಎತ್ತಿ, ಅಡಿಗೆ ಗಟ್ಟಿ ಸ್ಟ್ಯಾಂಡು ಕೊಟ್ಟು ನಿಲ್ಲಿಸಿದರು. ಕಿಶೋರ ಒಳಗೆ ಕೂತ. ರಕ್ಷಿತಾ ಪರದೆಯನ್ನು ವಿನುತಾಳ ಕೈಗೆ ಕೊಟ್ಟು ಬಲ ಚಕ್ರವನ್ನು ಕೈಯಿಂದ ತಿರುಗಿಸಿದಳು. ಪರದೆಯ ಮೇಲೆ ಅಂಕಿ ಏರಿತು. ಎಡ ಚಕ್ರ ತಿರುಗಿಸಿದಳು. ಅದೂ ಏರಿತು.

"ಈಗ ಸ್ಟೇರಿಂಗ್ ಬಲಕ್ಕೆ ಹಿಡಿ. ಆ ತಿರುವಲ್ಲಿ ಹಿಡಿದ ಹಾಂಗೇ."

ಕಿಶೋರ ಬಲಕ್ಕೆ ಹಿಡಿದ. ರಕ್ಷಿತಾ ಎಡ ಚಕ್ರವನ್ನು ಮತ್ತೆ ಬೀಸಿ ತಿರುಗಿಸಿದಳು. ವಿನುತಾ ಪರದೆ ನೋಡಿದಳು, ಚಕ್ರ ನೋಡಿದಳು, ಮತ್ತೆ ಪರದೆ ನೋಡಿದಳು. ಚಕ್ರ ಗಿರಗಿರ ತಿರುಗುತ್ತಿತ್ತು. ಪರದೆಯ ಮೇಲೆ ಅದು ಸತ್ತಿತ್ತು. ಸೊನ್ನೆ.

"ಇದೇ ನೋಡು ನಿಮ್ಮ ಭೂತ" ಎಂದಳು ರಕ್ಷಿತಾ. "ನಿಮ್ಮ ದಾರಿಯಲ್ಲಿ ಸ್ಟೇರಿಂಗ್ ಬಲಕ್ಕೆ ಅಷ್ಟು ತಿರುಗೂದು ಅಲ್ಲೊಂದೇ ಕಡೆ, ಆಗ ಇಲ್ಲಿಯ ವೈರು ಜಗ್ಗಿ ಸಿಗ್ನಲ್ ಕಡೀತದೆ. ಓಡೂ ಚಕ್ರ ನಿಂತಿದೆ ಅಂತ ಕಂಪ್ಯೂಟರಿಗೆ ಸುಳ್ಳು ಸುದ್ದಿ ಹೋಗ್ತದೆ. ಕಾರು ಜಾರ್ತದೆ ಅಂದ್ಕಂಡು ಅದು ಎಡ ಬದಿಯ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕ್ತದೆ. ಒಂದೇ ಬದಿಗೆ ಬ್ರೇಕ್ ಬಿದ್ರೆ ಕಾರು ಆ ಬದಿಗೆ ಎಳೀದೆ ಎಂತ ಮಾಡ್ತದೆ? ಕಾಲಡಿ ಪೆಡಲ್ ಹೊಡ್ಕಳ್ಳೂದೂ ಅದೇ ಸುಳ್ಳಿಂದ."

ಎಡ ಚಕ್ರ ಕಳಚಿದಳು. ಒಳಗೆ ಬಗ್ಗಿ ನೋಡಿದಳು. ವೈರು ಕೂಡುವ ಜಾಗದಲ್ಲಿ ಬಿಳಿ ಹೆಪ್ಪು ಕಟ್ಟಿತ್ತು, ಅದರಡಿ ತಾಮ್ರ ಹಸಿರು ತಿರುಗಿತ್ತು. ಪಕ್ಕದ ಬ್ರೇಕಿನ ಕಬ್ಬಿಣದ ಪೈಪು ತುಕ್ಕು ಹಿಡಿದು ಸಿಪ್ಪೆ ಏಳುತ್ತಿತ್ತು. ಬೆರಳಿನಿಂದ ಒರೆಸಿದರೆ ಆಯಿಲು ಜಿನುಗಿತು.

"ಇನ್ನೊಂದ್ ಸಲ ಜೋರಾಗಿ ಬ್ರೇಕ್ ತುಳಿದಿದ್ರೆ ಈ ಪೈಪು ಒಡೀತಿತ್ತು" ಎಂದಳು. ಆಮೇಲೆ ಬಲ ಚಕ್ರದ ಒಳಗೂ ಬಗ್ಗಿ ನೋಡಿ ಬಂದಳು. "ಅಲ್ಲಿ ಎಲ್ಲ ಸರಿ ಇದೆ. ಇದೊಂದೇ ಎಂತಕೆ ಉಪ್ಪಿನಕಾಯಿ ಆಗಿದೆ? ಇದನ್ನ ಯಾರಾದ್ರೂ ಕಡಲಲ್ಲಿ ಅದ್ದಿಟ್ಟಿದ್ರಾ?"

ವಿನುತಾ ನೆಲ ನೋಡಿದಳು. ಕಿಶೋರ ಸ್ಟೇರಿಂಗ್ ಹಿಡಿದೇ ಕೂತಿದ್ದ.

ಮಾಬ್ಲೇಶ್ವರ ಎದ್ದು ಬಂದರು. ಮಂಡಿಯೂರಿ ಕೂತು, ಆ ಬಿಳಿ ಹೆಪ್ಪನ್ನು ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿಕೊಂಡರು. ಜೀವಮಾನವಿಡೀ ಕಡಲಲ್ಲಿ ಕಳೆದವರಿಗೆ ಆ ರುಚಿಯನ್ನು ಬೇರೆಯವರು ಹೇಳಬೇಕೇ?

"ಹಾಂಗಾದ್ರೆ ಎಳೆದದ್ದು ಅಂವ ಅಲ್ಲ."

"ಅಲ್ಲ ಅಜ್ಜಾ."

"ನಾನು."

ಮಾವ ಚಕ್ರವಿಲ್ಲದ ಆ ಕಬ್ಬಿಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಒಬ್ಬ ಮಗನನ್ನ ಕಡಲು ತಕಂಡು ಹೋಯ್ತು. ಇನ್ನೊಬ್ಬನನ್ನ ನಾನೇ ಕೊಡ ತುಂಬಿ ತುಂಬಿ ಕೊಡ್ತಾ ಇದ್ದೆ. ಪೋರಿಯನ್ನೂ ಕೂರ್ಸು ಅಂದೆ." ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ಕಿಶನ ಹೋದಾಗ ಅಳದಿದ್ದ ಮನುಷ್ಯ ಮಗುವಿನ ಹಾಗೆ ದೊಡ್ಡ ದನಿ ತೆಗೆದು ಅತ್ತರು. ಕಿಶೋರ ಕೆಳಗಿಳಿದು ಅಪ್ಪನ ಪಕ್ಕ ಕೂತು ಅವರ ಬೆನ್ನ ಮೇಲೆ ಕೈಯಿಟ್ಟ. ಅವನೂ ಅಳುತ್ತಿದ್ದ. ವಿನುತಾಳಿಗೆ ಮಾವನ ಮೇಲೆ ಇದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಕಾರನ್ನು ಓಡಿಸದೆ, ಬೇರೆ ಗಾಡಿಯ ಮೇಲೆ ಹೇರಿ ಅಂಕೋಲೆಗೆ ಒಯ್ದರು. ಪೈಪು ಹೊಸತು ಹಾಕಿದರು. ವೈರಿನ ತುದಿ ಕತ್ತರಿಸಿ ಹೊಸ ಜೋಡಣೆ ಮಾಡಿದರು. ಸೆನ್ಸರು ಚೆನ್ನಾಗಿಯೇ ಇತ್ತು, ಬದಲಿಸುವ ಕೆಲಸ ಬೀಳಲಿಲ್ಲ. ಬ್ರೇಕ್ ಆಯಿಲು ಪೂರಾ ಬದಲಿಸಿ, ಒಳಗಿನ ಗಾಳಿ ತೆಗೆದು, ಎಲ್ಲ ಆದ ಮೇಲೆ ಕೋಡು ಅಳಿಸಿ, ರಕ್ಷಿತಾ ತಾನೇ ಓಡಿಸಿ ನೋಡಿ ಕೀಲಿ ಕೊಟ್ಟಳು.

ತರಲು ನಾಲ್ವರೂ ಹೋಗಿದ್ದರು. ಮರಳುವಾಗ ಮಾವ ಮುಂದೆ ಎಡಕ್ಕೆ ಕೂತರು, ವಿನುತಾ ಮಗಳ ಜೊತೆ ಹಿಂದೆ. ಬೆಲ್ಟು ಎಲ್ಲರೂ ಹಾಕಿಕೊಂಡರು. ಬಿಣಗಾದ ಮೊದಲಿನ ತಿರುವು ಬಂದಾಗ ವಿನುತಾ ಮಗಳ ಕೈ ಹಿಡಿದುಕೊಂಡಳು. ಗೊತ್ತಿದ್ದರೂ ಹೆದರಿಕೆ ಹೋಗುವುದಿಲ್ಲ ನೋಡಿ. ಮಾವ ಎಡಗಡೆ ಕಡಲನ್ನೇ ನೋಡುತ್ತಿದ್ದರು. ಕಾರು ಗೆರೆ ಎಳೆದ ಹಾಗೆ ಬಲಕ್ಕೆ ತಿರುಗಿ ಮುಂದೆ ಹೋಯಿತು. ದೀಪ ಹತ್ತಲಿಲ್ಲ.

"ಬರ್ಲಿಲ್ಲ" ಎಂದರು ಮಾವ. ಸ್ವಲ್ಪ ದೂರ ಹೋದ ಮೇಲೆ, ಕಡಲಿನಿಂದ ಮುಖ ತಿರುಗಿಸಿ ಕಿರಿಯ ಮಗನನ್ನು ನೋಡಿದರು. "ಭಟ್ರಿಗೆ ಹೇಳ್ಕಳ್ಸು ಕಿಶೋರಾ. ಅಂವನ ಕ್ರಿಯೆ ಮಾಡಿ ಮುಗಿಸ್ವ. ಸತ್ತವನಿಗೆ ಕಾದು ಇದ್ದವರನ್ನ ಕಳ್ಕಳ್ಳೂದು ಬೇಡ."

ಓದುವವರೇ, ಕೇಳುವವರೇ, ನಿಮ್ಮದು ಸ್ಪೋರ್ಟ್ಸ್ ಕಾರೇ ಆಗಬೇಕಿಲ್ಲ. ಮೀನು ಹೇರುವ ಟೆಂಪೋ ಇರಬಹುದು, ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನು ಇರಬಹುದು. ಐಸಿನ ಪೆಟ್ಟಿಗೆಯಿಂದ ಸೋರುವ ನೀರೂ ಉಪ್ಪೇ, ಕಡಲ ಗಾಳಿಯೂ ಉಪ್ಪೇ. ಗಾಡಿಯ ಅಡಿಯನ್ನು, ಚಕ್ರದ ಒಳಭಾಗವನ್ನು ಬಾವಿಯ ಸಿಹಿನೀರಿನಿಂದ ತೊಳೆಯಿರಿ. ಪೂಜೆಗೆ ಒಂದು ಹೂ ಸಾಕು, ದೇವರು ಬೇಡ ಎನ್ನುವುದಿಲ್ಲ. ದೀಪದ ಮೇಲೆ ಟೇಪು ಅಂಟಿಸಬೇಡಿ, ಬ್ಯಾಟರಿ ತೆಗೆದು ಹಾಕಿ ದೀಪ ಆರಿಸಬೇಡಿ, ಡಬ್ಬಿಗೆ ಆಯಿಲು ಸುರಿದು ಸರಿಯಾಯಿತು ಎಂದು ಹೊರಡಬೇಡಿ. ತಿಳಿದವರಿಗೆ ತೋರಿಸಿ, ಯಾಕೆ ಹತ್ತಿತು ಎಂದು ಕೇಳಿ, ಕಾರಣ ಸಿಗುವ ತನಕ ಬಿಡಬೇಡಿ.

ಇದನ್ನು ಓದಿ ಮುಗಿದ ಕೂಡಲೇ ಎದ್ದು ಹೋಗಿ ನಿಮ್ಮ ಗಾಡಿಯ ಕೀಲಿ ತಿರುಗಿಸಿ ನೋಡಿ. ದೀಪಗಳು ಒಮ್ಮೆ ಹತ್ತಬೇಕು, ಇಂಜಿನ್ ಸುರುವಾಗಿ ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೆ ಎಲ್ಲವೂ ಆರಬೇಕು. ಹಳದಿ ಒಂದು ಉಳಿದರೆ ಮೊದಲು ಗ್ಯಾರೇಜು, ಆಮೇಲೆ ಬೇರೆ ಊರು. ಕೆಂಪು ಉಳಿದರೆ ಇಳಿದುಬಿಡಿ. ಅಂದು ಬಸ್ಸಿಗೆ ಹೋಗಿ. ತಡವಾಗಿ ಬಂದಿರೆಂದು ಮನೆಯವರು ಬೈಯಬಹುದು, ಬೈಸಿಕೊಳ್ಳಿ. ಬೈಯುವುದಕ್ಕೆ ನೀವು ಅವರೆದುರು ಇರುತ್ತೀರಲ್ಲ.